ಆಲಿವಿನ್ ಹರಳಿನೊಳಗಿನ ನೀರನ್ನು ಅಳೆಯುವುದು ಹೇಗೆ?

ಆಲಿವಿನ್ ಎಂಬ ಖನಿಜದ ರಾಸಾಯನಿಕ ಸೂತ್ರದಲ್ಲಿ ನೀರೇ ಇಲ್ಲ, ಅಲ್ವಾ? ಆದರೂ ಭೂಮಿಯ ಆಳದ ಒತ್ತಡದಲ್ಲಿ ಹೈಡ್ರೋಜನ್ ಒಳಗೆ ಸೇರುತ್ತದೆ; ಇಲ್ಲಿ ‘ನೀರು’ ಎಂದರೆ ಇದೇ. ಮೆಗ್ನೀಸಿಯಮ್ ಇರಬೇಕಾದ ಒಂದು ಜಾಗ ಖಾಲಿಯಿದ್ದರೆ ಎರಡು, ಸಿಲಿಕಾನ್ ಜಾಗ ಖಾಲಿಯಿದ್ದರೆ ನಾಲ್ಕು ಹೈಡ್ರೋಜನ್‌ಗಳು ಪಕ್ಕದ ಆಕ್ಸಿಜನ್‌ಗೆ ಅಂಟಿಕೊಂಡು ಚಾರ್ಜ್ ಸರಿದೂಗಿಸುತ್ತವೆ.

ಅಳೆಯಲು ಇನ್‌ಫ್ರಾರೆಡ್ ಸ್ಪೆಕ್ಟ್ರೋಮೀಟರ್ (ಹರಳು ಯಾವ ಇನ್‌ಫ್ರಾರೆಡ್ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಗ್ರಾಫ್‌ನಲ್ಲಿ ತೋರಿಸುವ ಉಪಕರಣ) ಬೇಕು. ಬಿರುಕಿಲ್ಲದ ಹರಳು ಆರಿಸಿ, ಎರಡೂ ಬದಿ ಚೆನ್ನಾಗಿ ಪಾಲಿಶ್ ಮಾಡಿ, ದಪ್ಪ ಬರೆದಿಡಿ. ಪಾಲಿಶ್ ಮಾಡುವಾಗ ಹರಳನ್ನು ಹಿಡಿದಿಡಲು ಬಳಸಿದ ಅಂಟನ್ನು ಅಸಿಟೋನ್‌ನಲ್ಲಿ ಪೂರ್ತಿ ತೊಳೆದು, ಓವನ್‌ನಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗಿಂತ ಸ್ವಲ್ಪ ಮೇಲೆ ಒಣಗಿಸಿ. ಸುಮ್ನೆ ಜಾಸ್ತಿ ಕಾಯಿಸಬೇಡಿ, ತುಂಬಾ ಬಿಸಿಯಾದರೆ ಒಳಗಿನ ಹೈಡ್ರೋಜನ್ನೇ ಹೊರಟುಹೋಗುತ್ತದೆ.

ಈಗ ಸೆಂಟಿಮೀಟರಿಗೆ 3100ರಿಂದ 3700 ಅಲೆಗಳ ನಡುವೆ ಗ್ರಾಫ್ ನೋಡಿ. ಚೂಪಾದ ಶಿಖರಗಳು ಸಾಮಾನ್ಯವಾಗಿ ಹರಳಿನದೇ. 3400ರ ಸುತ್ತ ಅಗಲವಾದ ದಿಬ್ಬ ಕಂಡರೆ ಅದು ಬಿರುಕಿನ ಅಥವಾ ಗುಳ್ಳೆಗಳ ನೀರು, ಆ ಜಾಗ ಬಿಟ್ಟುಬಿಡಿ. ಆಲಿವಿನ್ ಒಂದೊಂದು ದಿಕ್ಕಿನಲ್ಲಿ ಒಂದೊಂದು ಪ್ರಮಾಣದಲ್ಲಿ ಬೆಳಕು ಹೀರುವುದರಿಂದ, ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ಹಾಕಿ ಮೂರೂ ಅಕ್ಷಗಳಲ್ಲಿ ಅಳೆಯಿರಿ. ಇದೊಂದರಲ್ಲಿ ಶಾರ್ಟ್‌ಕಟ್ ಬೇಡವೇ ಬೇಡ. ಪ್ರತಿ ಅಳತೆಯ ಶಿಖರಗಳ ವಿಸ್ತೀರ್ಣವನ್ನು 1 ಸೆಂ.ಮೀ. ದಪ್ಪಕ್ಕೆ ಲೆಕ್ಕಹಾಕಿ, ಮೂರನ್ನೂ ಕೂಡಿಸಿ, ಆಲಿವಿನ್‌ಗೆಂದೇ ಇರುವ ಕ್ಯಾಲಿಬ್ರೇಶನ್ ಗುಣಕದಿಂದ ಗುಣಿಸಿದರೆ ನೀರು ಎಷ್ಟು ಪಿಪಿಎಂ (ತೂಕದ ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಎಂದು ಸಿಗುತ್ತದೆ.