ಪ್ಯಾಪಿಲರಿ ಎಂದಷ್ಟೇ ಬರೆದು ಕೈತೊಳೆಯಲಾಗದ ಕಿಡ್ನಿ ಗಡ್ಡೆ

ನಾನು ಪೆಥಾಲಜಿಸ್ಟ್. ಆಪರೇಷನ್ ಮಾಡಿ ತೆಗೆದ ಕಿಡ್ನಿ ಗಡ್ಡೆಗಳ ರಿಪೋರ್ಟ್ ಬರೆಯುತ್ತೇನೆ. ಹೆಚ್ಚಿನವು ಕ್ಲಿಯರ್ ಸೆಲ್ ಕಾರ್ಸಿನೋಮಾ: 3ನೇ ಕ್ರೋಮೋಸೋಮಿನ ಗಿಡ್ಡ ತೋಳು ಕಳೆದುಹೋಗಿ, ಅಲ್ಲಿರುವ ವಿಎಚ್‌ಎಲ್ ಜೀನ್ ಕೈಕೊಟ್ಟಾಗ ಬೆಳೆಯುವಂಥವು. ಅವನ್ನು ಗುರುತಿಸಲು ಸಾಮಾನ್ಯವಾಗಿ ಹೆಚ್ಚು ತಿಣುಕಬೇಕಿಲ್ಲ.

ತಲೆ ಕೆಡಿಸುವುದು ಪ್ಯಾಪಿಲರಿ, ಅಂದರೆ ಬೆರಳಿನಂಥ ಚಾಚುಗಳಾಗಿ ಬೆಳೆಯುವ ಗಡ್ಡೆಗಳ ಗುಂಪು. ಮೊದಲು ಅದನ್ನು ಟೈಪ್ 1, ಟೈಪ್ 2 ಎಂದು ಒಡೆಯುತ್ತಿದ್ದೆವು. ಯಾವುದಕ್ಕೂ ಹೊಂದದ್ದೆಲ್ಲ ಟೈಪ್ 2ಕ್ಕೆ ಹೋಗಿ ಬೀಳುತ್ತಿತ್ತು. 2022ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಆ ವಿಭಜನೆಯನ್ನೇ ಕೈಬಿಟ್ಟು, ಕೆಲವು ಗಡ್ಡೆಗಳನ್ನು ಕೆಟ್ಟ ಜೀನಿನ ಹೆಸರಿನಿಂದಲೇ ಕರೆಯಿತು. ನನಗದು ತುಂಬ ಸರಿಯೆನಿಸಿತು.

ಅಂಥ ಒಂದು ಸ್ಲೈಡ್ ಬಗ್ಗೆ ಹೇಳಬೇಕು. ಮೂವತ್ತು ದಾಟಿದ ಹೆಣ್ಣುಮಗಳದು. ನೋಟಕ್ಕೆ ಪ್ಯಾಪಿಲರಿ. ಹೈ ಪವರ್‌ಗೆ ಹಾಕಿದರೆ ಜೀವಕೋಶಗಳ ನ್ಯೂಕ್ಲಿಯಸ್ಸಿನೊಳಗೆ ಕುಂಕುಮದ ಬೊಟ್ಟಿನಂತೆ ನ್ಯೂಕ್ಲಿಯೊಲಸ್ ಎಂಬ ದಪ್ಪ ಕೆಂಪು ಚುಕ್ಕೆ, ಸುತ್ತ ಬಿಳಿ ಬಳೆ. ಎಫ್‌ಎಚ್ ಎಂಬ ಕಿಣ್ವ ಇದ್ದಲ್ಲಿ ಕಂದು ಬಣ್ಣ ಹಿಡಿಯುವ ಸ್ಟೇನ್ ಹಾಕಿಸಿದೆ. ಅದೇ ಸ್ಲೈಡಿನ ರಕ್ತನಾಳಗಳು ಕಂದು ಬಣ್ಣ ಹಿಡಿದಿದ್ದವು, ಗಡ್ಡೆ ಮಾತ್ರ ಖಾಲಿ. ರಕ್ತನಾಳ ಬಣ್ಣ ಹಿಡಿದಿದ್ದರಷ್ಟೇ ಆ ಖಾಲಿತನವನ್ನು ನಂಬಬಹುದು. ಕೆಲವು ಮ್ಯುಟೇಷನ್‌ಗಳಲ್ಲಿ ಪ್ರೋಟೀನ್ ಕೆಟ್ಟಿದ್ದರೂ ಉಳಿದಿರುತ್ತದೆ, ಬಣ್ಣವೂ ಬರುತ್ತದೆ; ಆಗ 2ಎಸ್‌ಸಿ ಸ್ಟೇನ್ ಬೇಕು. ಎಫ್‌ಎಚ್ ಕಿಣ್ವವಿಲ್ಲದೆ, ಅದು ಬದಲಿಸಬೇಕಿದ್ದ ಫ್ಯೂಮರೇಟ್ ಎಂಬ ರಾಸಾಯನಿಕ ಶೇಖರವಾಗಿ ಬೇರೆ ಪ್ರೋಟೀನ್‌ಗಳಿಗೆ ಅಂಟಿಕೊಂಡ ಗುರುತನ್ನೇ ಅದು ತೋರಿಸುತ್ತದೆ.

ರೋಗಿಯನ್ನು ಕಂಡು ಮನೆಯವರ ಬಗ್ಗೆ ವಿಚಾರಿಸಿದೆ. "ನಮ್ಮಕ್ಕಂಗೂ ಗರ್ಭಕೋಶದಲ್ಲಿ ಗಡ್ಡೆ ಆಗಿತ್ತು ಡಾಕ್ಟ್ರೇ, ಚಿಕ್ಕ ವಯಸ್ಸಲ್ಲೇ ತೆಗೆಸಿಬಿಟ್ರು," ಎಂದರು. ತೋಳಿನ ಮೇಲೆ ಅವರಿಗೇ ಒತ್ತಿದರೆ ನೋಯುವ ಸಣ್ಣ ಗಂಟುಗಳಿದ್ದವು. ಆನುವಂಶಿಕ ಎಫ್‌ಎಚ್ ದೋಷದಲ್ಲಿ ಕಿಡ್ನಿ ಗಡ್ಡೆ, ಗರ್ಭಕೋಶದ ಗಡ್ಡೆ, ಚರ್ಮದ ಗಂಟು ಈ ಮೂರೂ ಒಂದೇ ಮನೆಯಲ್ಲಿ ಕಾಣಿಸಿಕೊಳ್ಳಬಹುದು. ರಕ್ತದ ಜೀನ್ ಪರೀಕ್ಷೆ ಅದನ್ನೇ ಖಚಿತಪಡಿಸಿತು.

ಈ ಗಡ್ಡೆ ಚಿಕ್ಕದಿದ್ದಾಗಲೂ ಹರಡಬಲ್ಲದು. ಬೇರೆ ಕೆಲವು ಆನುವಂಶಿಕ ಗಡ್ಡೆಗಳಂತೆ ಮೂರು ಸೆಂ.ಮೀ. ಆಗಲಿ ಎಂದು ಕಾಯುವಂತಿಲ್ಲ. ಒಡಹುಟ್ಟಿದವರಿಗೂ ಮಕ್ಕಳಿಗೂ ಈ ಕೆಟ್ಟ ಜೀನ್ ಬಂದಿರುವ ಸಾಧ್ಯತೆ ಶೇ. 50, ಬಂದವರಿಗೆ ವರ್ಷಕ್ಕೊಮ್ಮೆ ಎಂಆರ್‌ಐ ಬೇಕು. ಅಕ್ಕನಿಗೂ ಬಂದಿತ್ತು, ತಮ್ಮನಿಗೆ ಇರಲಿಲ್ಲ.

ಈಗ ಕಿಡ್ನಿ ಸ್ಯಾಂಪಲ್ ಜೊತೆ ಬರುವ ಫಾರ್ಮಿನಲ್ಲಿ ಮೂರು ಪ್ರಶ್ನೆ ಸೇರಿಸಿದ್ದೇನೆ: ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿದ್ದುಂಟೇ, ಚರ್ಮದ ಮೇಲೆ ಗಂಟುಗಳಿವೆಯೇ, ಶ್ವಾಸಕೋಶ ತಾನಾಗಿ ಕುಸಿದದ್ದುಂಟೇ. ಕೊನೆಯದು ಎಫ್‌ಎಲ್‌ಸಿಎನ್ ಎಂಬ ಇನ್ನೊಂದು ಜೀನಿಗಾಗಿ: ಅದು ಕೆಟ್ಟರೂ ಕಿಡ್ನಿ ಗಡ್ಡೆ ಬರಬಹುದು, ಶ್ವಾಸಕೋಶವೂ ಕುಸಿಯಬಹುದು.