ಪೈಥಾನ್‌ನಲ್ಲಿ ಫೈಲ್ ಓಪನ್ ಮಾಡುವಾಗ ಹುಷಾರು

ಎರಡು ವಾರ ಕೂತು ಟೈಪ್ ಮಾಡಿದ್ದ ನಮ್ಮೂರಿನ ಪದಗಳ ಪಟ್ಟಿ. ಸುಮ್ನೆ ಒಂದು ಸಾಲು ತಿದ್ದೋಣ ಅಂತ ಪೈಥಾನ್ ಸ್ಕ್ರಿಪ್ಟ್ ಓಡಿಸಿದೆ, ಎರರ್ ಬಂತು. ಏನೂ ಬರೆದೇ ಇಲ್ಲವಲ್ಲ, ಹಳೆಯದು ಹಾಗೇ ಇರುತ್ತದೆ ಅಂದುಕೊಂಡು ನೋಡಿದರೆ ಫೈಲ್ 0 ಬೈಟ್. ತುಂಬಾ ಸಂಕಟವಾಯಿತು.

ಆಗಿದ್ದು ಇಷ್ಟು. ಬರೆಯಲು ಓಪನ್ ಮಾಡುವ 'ಡಬ್ಲ್ಯೂ' (w) ಮೋಡ್ ಹಳೆಯದನ್ನು ಅಳಿಸುವುದು ಬರೆಯುವಾಗ ಅಲ್ಲ, ಓಪನ್ ಆದ ಕ್ಷಣದಲ್ಲೇ. ನಾನು ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ವಿಧಾನ ಯಾವುದು ಅಂತ, ಕೊಟ್ಟಿರಲಿಲ್ಲ. ಹಾಗೆ ಬಿಟ್ಟರೆ ವಿಂಡೋಸ್‌ನಲ್ಲಿ 3.14ರವರೆಗಿನ ಪೈಥಾನ್ ಸಿಸ್ಟಮ್‌ನ ಹಳೆಯ ಕೋಡ್ ಪೇಜ್ (ಅಕ್ಷರಗಳ ಸಂಖ್ಯಾಪಟ್ಟಿ) ಹಿಡಿಯುತ್ತದೆ, ನನ್ನದರಲ್ಲಿ ಅದು 1252, ಅದರಲ್ಲಿ ಕನ್ನಡ ಅಕ್ಷರ ಒಂದೂ ಇಲ್ಲ. ಮೊದಲ ಅಕ್ಷರಕ್ಕೇ ಎಡವಿತು, ಅಷ್ಟರಲ್ಲಿ ಫೈಲ್ ಖಾಲಿ.

ಓದುವಾಗಲೂ ಇದೇ ಕಾಟ. ಎಲ್ಲ ಭಾಷೆಗಳ ಅಕ್ಷರಗಳಿಗೂ ಆಗುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ 3 ಬೈಟ್. 1252 ಅಂತ ಓದಿದರೆ 'ಕಮಲ' ಅನ್ನುವುದು 9 ವಿಚಿತ್ರ ಗುರುತುಗಳಾಗುತ್ತದೆ, ಎರರ್ ಬರುವುದಿಲ್ಲ. 'ಅಮ್ಮ' ಓದಿದರೆ ಎರರ್! ಒತ್ತಕ್ಷರದ ಒಳಗಿರುವ ಹಲಂತ ಚಿಹ್ನೆಯ (್) ಕೊನೆಯ ಬೈಟ್ 141, ಅದಕ್ಕೆ 1252ರಲ್ಲಿ ಜಾಗವೇ ಇಲ್ಲ. ಎರರ್ ಬಂದರೆ ಗೊತ್ತಾದರೂ ಆಗುತ್ತದೆ, ಬರದಿದ್ದಾಗಲೇ ಜಾಸ್ತಿ ಭಯ, ಅಲ್ವಾ? ಅದಕ್ಕೇ ಓದಲಿ, ಬರೆಯಲಿ, ಎನ್‌ಕೋಡಿಂಗ್ ಯುಟಿಎಫ್-8 ಅಂತ ಪ್ರತಿ ಓಪನ್‌ನಲ್ಲೂ ಬರೆಯಿರಿ.

ಓಪನ್ ಅನ್ನು ಯಾವಾಗಲೂ 'ವಿತ್' (with) ಜೊತೆಗೇ ಬಳಸಿ. ಮಧ್ಯದಲ್ಲಿ ಎರರ್ ಬಂದರೂ ಫೈಲ್ ಕ್ಲೋಸ್ ಆಗುತ್ತದೆ. ಹೊಸ ಫೈಲ್ ಮಾಡುವುದಾದರೆ 'ಡಬ್ಲ್ಯೂ' ಬದಲು 'ಎಕ್ಸ್' ಮೋಡ್ ಕೊಡಿ, ಆ ಹೆಸರಿನ ಫೈಲ್ ಮೊದಲೇ ಇದ್ದರೆ ಮುಟ್ಟದೆ ಎರರ್ ಕೊಟ್ಟು ನಿಲ್ಲುತ್ತದೆ. ಕೊನೆಗೆ ಸಾಲು ಸೇರಿಸುವುದಷ್ಟೇ ಆದರೆ 'ಎ' ಸಾಕು.

ಇರುವ ಫೈಲ್ ತಿದ್ದಬೇಕಾ? ನೇರವಾಗಿ ಅದರ ಮೇಲೇ ಬರೆಯಬೇಡಿ. ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿನ ಫೈಲ್‌ಗೆ ಪೂರ್ತಿ ಬರೆದು, 'ವಿತ್' ಬ್ಲಾಕ್‌ನಿಂದ ಹೊರಗೆ ಬಂದ ಮೇಲೆ, ಓಎಸ್ ಮಾಡ್ಯೂಲ್‌ನ 'ರಿಪ್ಲೇಸ್' (os.replace) ಕರೆದು ಹಳೆಯದರ ಜಾಗಕ್ಕೆ ತನ್ನಿ. ಬರೆಯುವಾಗ ಏನೇ ಕೆಟ್ಟರೂ ಹಳೆಯದು ಹಾಗೇ ಉಳಿದಿರುತ್ತದೆ. ಬ್ಲಾಕ್ ಒಳಗಿದ್ದಾಗಲೇ ಕರೆದರೆ ವಿಂಡೋಸ್ ಒಪ್ಪುವುದಿಲ್ಲ, ಫೈಲ್ ಇನ್ನೂ ತೆರೆದೇ ಇರುತ್ತದೆ.

ಎಕ್ಸೆಲ್‌ನಿಂದ ಯುಟಿಎಫ್-8 ಅಂತ ಸೇವ್ ಮಾಡಿದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಫೈಲ್) ಓದುವಾಗ ಮಾತ್ರ 'ಯುಟಿಎಫ್-8-ಸಿಗ್' (utf-8-sig) ಅಂತ ಕೊಡಿ. ಅದರ ಶುರುವಿನಲ್ಲಿ ಕಣ್ಣಿಗೆ ಕಾಣದ ಗುರುತೊಂದು ಇರುತ್ತದೆ. ಬರೀ ಯುಟಿಎಫ್-8 ಕೊಟ್ಟರೆ ಅದು ಮೊದಲ ಕಾಲಂನ ಹೆಸರಿಗೆ ಅಂಟಿಕೊಂಡು, 'ಪದ' ಅನ್ನುವ ಕಾಲಂ ಎದುರಿಗೇ ಇದ್ದರೂ ಸ್ಕ್ರಿಪ್ಟ್‌ಗೆ ಸಿಗುವುದಿಲ್ಲ.