ಬಸವನಗುಡಿಯ ತಾರಸಿಯಿಂದ ಗುರುಗ್ರಹದ ಸಾಂದ್ರತೆ ಅಳೆದದ್ದು

ಕಡೆಗೂ ಲೆಕ್ಕ ಕೂತಿತು. ನನ್ನ ಅಳತೆಯಲ್ಲಿ ಭೂಮಿಯ ಸಾಂದ್ರತೆ ಗುರುಗ್ರಹದ ಸಾಂದ್ರತೆಯ ಸುಮಾರು 4.5 ಪಟ್ಟು. 6 ಇಂಚಿನ ಡಾಬ್ಸೋನಿಯನ್ ದುರ್ಬೀನು, ಒಂದು ಹಳೇ ಫೋನು, ಒಂದು ಗಡಿಯಾರ. ಇಷ್ಟೇ ಸಾಮಾನು. "ಏನ್ ಸಾರ್, ಈ ಬೀದಿದೀಪದಲ್ಲಿ ಏನ್ ಕಾಣ್ಸುತ್ತೆ? ಕೋಲಾರದ ಕಡೆ ಹೋಗಿ" ಅಂದವರೇ ಹೆಚ್ಚು. ನೀಹಾರಿಕೆ ನೋಡೋದಕ್ಕೆ ಆ ಮಾತು ಸರಿ. ಗುರುವಿಗೂ ಅದರ ನಾಲ್ಕು ದೊಡ್ಡ ಚಂದ್ರರಿಗೂ ನಗರದ ಬೆಳಕು ಏನೂ ಮಾಡೋದಿಲ್ಲ. 1610ರಲ್ಲಿ ಗೆಲಿಲಿಯೊ ಇವನ್ನು ನೋಡಿದ ದುರ್ಬೀನು ನನ್ನದಕ್ಕಿಂತ ಎಷ್ಟೋ ಚಿಕ್ಕದು.

2024ರ ಡಿಸೆಂಬರ್ 7ಕ್ಕೆ ಗುರು ಸೂರ್ಯನಿಗೆ ನೇರ ಎದುರಿತ್ತು. ಆಗ ಶುರು ಮಾಡಿದ್ದು ಫೆಬ್ರವರಿವರೆಗೂ ನಡೆಯಿತು. ರೋಹಿಣಿ ನಕ್ಷತ್ರದ ಹತ್ತಿರ ಇತ್ತು, ಅಂದರೆ ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ನೆತ್ತಿ ಮೇಲೇ ಬರುತ್ತದೆ. ಡಾಬ್ಸೋನಿಯನ್ ಇರುವವರಿಗೆ ಇದರ ಕಷ್ಟ ಗೊತ್ತು. ನೆತ್ತಿ ಹತ್ತಿರ ಹೋದಾಗ ತಿರುಗಿಸೋದೇ ಆಗೋದಿಲ್ಲ. ಸಂಜೆ ಬೇಗ ಹಿಡಿಯೋಣ ಅಂದರೆ ತಾರಸಿಯ ಕಾಂಕ್ರೀಟು ಇನ್ನೂ ಬಿಸಿ ಕಾರುತ್ತಿರುತ್ತದೆ, ಗುರುವಿನ ಅಂಚು ಕುದಿಯುವ ನೀರಿನ ಹಾಗೆ ಅಲ್ಲಾಡುತ್ತದೆ. ಜನವರಿಯಲ್ಲಿ ನನಗೆ ಹೊಂದಿದ್ದು ಎಂಟೂವರೆಯ ಆಸುಪಾಸು, ಆಮೇಲೆ ಹನ್ನೆರಡೂವರೆ.

ದುಡ್ಡಿನ ವಿಷಯ. ದುರ್ಬೀನು ಸೆಕೆಂಡ್ ಹ್ಯಾಂಡ್, 15 ಸಾವಿರ ಚಿಲ್ಲರೆ. ಫೋನ್ ಹಿಡಿಸುವ ಪ್ಲಾಸ್ಟಿಕ್ ಹೋಲ್ಡರು ಮೊದಲು 900 ರೂಪಾಯಿದು ಬಂತು, ಎರಡನೇ ವಾರಕ್ಕೆ ಸಡಿಲ. ಫೋನು ಒಂದು ಕೂದಲಷ್ಟು ಜಾರಿದರೂ ಅಳತೆ ಕೆಟ್ಟಿತು. ಆಮೇಲಿನದು ಲೋಹದ್ದು, ಎರಡೂವರೆ ಸಾವಿರ ಹತ್ತಿರ ಆಯ್ತು. ಇದರಲ್ಲಿ ಉಳಿಸೋಕೆ ಹೋಗಬೇಡಿ.

ಫೋಟೋದಲ್ಲಿ ಬೇಕಾಗಿದ್ದು ಒಂದೇ: ಗುರುವಿನ ನಡುವಿನಿಂದ ಚಂದ್ರ ಎಷ್ಟು ದೂರ, ಗುರುವಿನ ಅರ್ಧ ಅಗಲದ ಲೆಕ್ಕದಲ್ಲಿ. ಕಿಲೋಮೀಟರು ಬೇಡವೇ ಬೇಡ. ಆದರೆ ಚಂದ್ರರು ಕಾಣುವಷ್ಟು ಎಕ್ಸ್‌ಪೋಶರ್ ಕೊಟ್ಟರೆ ಗುರು ಬೆಳ್ಳಗೆ ಉಬ್ಬುತ್ತದೆ. ಉಬ್ಬಿದ ಅಗಲ ಹಿಡಿದರೆ ದೂರಗಳೆಲ್ಲ ಕುಗ್ಗುತ್ತವೆ. ಮೊದಲ ಮೂರು ವಾರದ ಫೋಟೋ ಹಾಗೇ ಹೋಯಿತು. ಆಮೇಲೆ ಜೋಡಿ ಫೋಟೋ: ಗುರುವಿನ ಪಟ್ಟಿಗಳು ಕಾಣುವ ಮಂಕಾದ್ದೊಂದು, ಝೂಮ್ ಮುಟ್ಟದೆ ತಕ್ಷಣ ಚಂದ್ರರಿಗಾಗಿ ಇನ್ನೊಂದು. ಉಬ್ಬಿದ ಚಿತ್ರದಲ್ಲಿ ಸರಿಯಾದ ನಡು ಕಂಡುಹಿಡಿಯೋದಕ್ಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಜಾಸ್ತಿ ಕಾಡಿದ್ದು ಅಯೋ, ನಾಲ್ಕು ಚಂದ್ರರಲ್ಲಿ ಗುರುವಿಗೆ ತೀರಾ ಹತ್ತಿರದ್ದು. ದಿನಕ್ಕೊಂದು ಫೋಟೋ, ಅದೂ ಒಂದೇ ಹೊತ್ತಿಗೆ ತೆಗೆದರೆ, ಅಯೋ 1.77 ದಿನಕ್ಕೆ ಸುತ್ತುತ್ತದೆ ಅಂದರೂ ಅಳತೆಗಳಿಗೆ ಹೊಂದುತ್ತದೆ, 2.3 ದಿನ ಅಂದರೂ ಹೊಂದುತ್ತದೆ! ನಮಗೆ ಅದು ಪಕ್ಕದಿಂದ ಕಾಣೋದು, ಯಾವ ಕಡೆ ತಿರುಗುತ್ತಿದೆ ಅಂತ ತಿಳಿಯೋದಿಲ್ಲ ಅಲ್ವಾ. ಆ್ಯಪ್ ನೋಡಿ ತಿದ್ದಿಕೊಳ್ಳಬಹುದಿತ್ತು. ಉತ್ತರ ನೋಡಿ ಲೆಕ್ಕ ಮಾಡೋದು ನನಗೆ ಬೇಕಿರಲಿಲ್ಲ. ಹನ್ನೆರಡೂವರೆಯ ಫೋಟೋ ಅದಕ್ಕೇ. ನಾಲ್ಕು ಗಂಟೆಯಲ್ಲಿ ಅಯೋ ತನ್ನ ಸುತ್ತಿನ ಹನ್ನೊಂದರಲ್ಲಿ ಒಂದು ಪಾಲು ಹೋಗಿರುತ್ತದೆ, 2.3 ಅಲ್ಲೇ ಬಿದ್ದುಹೋಗುತ್ತದೆ.

ದೂರದ ಘನವನ್ನು ಸುತ್ತುವ ದಿನಗಳ ವರ್ಗದಿಂದ ಭಾಗಿಸಿ, ನಾಲ್ಕಕ್ಕೂ ಒಂದೇ ಸಂಖ್ಯೆ ಬರಬೇಕು. ಕೆಪ್ಲರ್ 1619ರಲ್ಲಿ ಗ್ರಹಗಳಿಗೆ ಹೇಳಿದ್ದು ಇದೇ. ಅಯೋ 6 ಚಿಲ್ಲರೆ, 1.77 ದಿನ. ಯುರೋಪಾ 9.3, ಮೂರೂವರೆ ದಿನದ ಮೇಲೆ ಸ್ವಲ್ಪ. ಗ್ಯಾನಿಮೀಡ್ 15.2, ಏಳು ದಿನ ಚಿಲ್ಲರೆ. ಕ್ಯಾಲಿಸ್ಟೊ 26, ಹದಿನೇಳಕ್ಕೆ ಸ್ವಲ್ಪ ಕಡಿಮೆ. ಎಲ್ಲ 63ರಿಂದ 70ರ ಒಳಗೆ ಬಿತ್ತು, ಸರಾಸರಿ 66ರ ಹತ್ತಿರ. ಕ್ಯಾಲಿಸ್ಟೊಗೆ ಮಾತ್ರ ಮೋಡ ತುಂಬಾ ಕೈಕೊಟ್ಟಿತು.

ಈಗ ನಮ್ಮ ಚಂದ್ರ. ಭೂಮಿಯ ಅರ್ಧ ಅಗಲದ 60 ಪಟ್ಟಿಗಿಂತ ಸ್ವಲ್ಪ ಜಾಸ್ತಿ ದೂರ, 27.3 ದಿನ. ಅದೇ ಭಾಗಾಕಾರದಲ್ಲಿ 290 ಮೇಲೆ ಬರುತ್ತದೆ. ಎರಡು ಸಂಖ್ಯೆಗಳ ಅನುಪಾತವೇ ಎರಡು ಗ್ರಹಗಳ ಸಾಂದ್ರತೆಯ ಅನುಪಾತ. ಗುರು ಎಷ್ಟು ದೂರದಲ್ಲಿದೆ ಅಂತ ಯಾರನ್ನೂ ಕೇಳಬೇಕಿಲ್ಲ. ಭೂಮಿ ನೀರಿಗಿಂತ 5.5 ಪಟ್ಟು, ಹಾಗಾದರೆ ಗುರು 1.2 ಪಟ್ಟು. ಕಲ್ಲು, ಕಬ್ಬಿಣದಿಂದ ಆದ ಗ್ರಹ ಅಲ್ಲ ಅಂತ ತಾರಸಿ ಮೇಲೇ ಗೊತ್ತಾಯ್ತು. ನ್ಯೂಟನ್ ಇದೇ ದಾರಿಯಲ್ಲಿ ಹೋಗಿ 4 ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಂತ ಪಡೆದಿದ್ದ. ಸರಿಯಾದ ಉತ್ತರಕ್ಕೆ ಅವನದೇ ನನ್ನದಕ್ಕಿಂತ ಹತ್ತಿರ. ಗುರು ನಡುಭಾಗದಲ್ಲಿ ಉಬ್ಬಿರುವುದನ್ನೂ ಸೇರಿಸಿದರೆ ಪುಸ್ತಕದ 1.33ಕ್ಕೆ ಇನ್ನೂ ಹತ್ತಿರ ಹೋಗುತ್ತದೆ.

ಮೋಡದ ರಾತ್ರಿಗಳಲ್ಲಿ ಸುಮ್ನೆ ಕೂರೋದು ಬೇಡ ಅಂತ ಎಸ್‌ಜೆಪಿ ರೋಡಿನಿಂದ ಗಾರೆ ಕೆಲಸದ ತೂಗುಗುಂಡು ತಂದು ಮೆಟ್ಟಿಲ ಸಂದಿಯಲ್ಲಿ ಇಳಿಬಿಟ್ಟೆ. ದಾರ 6 ಮೀಟರು, ಒಂದು ತೂಗಾಟಕ್ಕೆ 5 ಸೆಕೆಂಡಿಗೆ ಸ್ವಲ್ಪ ಕಡಿಮೆ. ಗುರುತ್ವ 9.8ರ ಹತ್ತಿರ ಬಂತು. ಚಂದ್ರ ಸುಮಾರು 60 ಪಟ್ಟು ದೂರ, ಎಳೆತ ದೂರದ ವರ್ಗದ ಲೆಕ್ಕದಲ್ಲಿ ಕಡಿಮೆಯಾಗುತ್ತದೆ; ಹಾಗಾಗಿ ಅದನ್ನು 60ರ ವರ್ಗ 3600ರಿಂದ ಭಾಗಿಸಿದರೆ 0.0027. ಚಂದ್ರ ಭೂಮಿಯ ಕಡೆ ಬೀಳುತ್ತಿರುವ ವೇಗವರ್ಧನೆಯೂ ಅಷ್ಟೇ. ಮೆಟ್ಟಿಲಲ್ಲಿ ತೂಗುವ ಗುಂಡನ್ನೂ ಚಂದ್ರನನ್ನೂ ಎಳೆಯೋದು ಒಂದೇ ಭೂಮಿ. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಈಗ ಶನಿಯ ಟೈಟನ್ ಹಿಡಿದಿದ್ದೇನೆ. 16 ದಿನದ ಸುತ್ತು, ದೂರ 20ರ ಆಸುಪಾಸು. ಸದ್ಯದ ಭಾಗಾಕಾರ 31, ಗುರುವಿನ ಅರ್ಧವೂ ಇಲ್ಲ. ಅಂದರೆ ಶನಿ ನೀರಿಗಿಂತಲೂ ಹಗುರ.